ಗಾಳಿ ಸೋಕದ ಕೋಣೆ

ಈ ಬೇಸಿಗೆಯಲ್ಲಿ ಸೂರ್ಯನಿಗೆ ಬುದ್ಧಿ ಕಲಿಸಿಯೇ ತೀರುತ್ತೇನೆ ಎಂದು ನಾನು ಯುಗಾದಿಯ ದಿನ ಊಟದೆಲೆಯ ಮುಂದೆ ಕುಳಿತು ಘೋಷಿಸಿದೆ.

"ಹೊರಗೆ ಅವನು ಎಷ್ಟಾದ್ರೂ ಉರೀಲಿ. ಈ ಮನೆ ಹೊಸ್ತಿಲು ದಾಟ್ಬೇಕಾದ್ರೆ ಮಾತ್ರ ನನ್ನ ಪರ್ಮಿಷನ್ ಕೇಳ್ಬೇಕು!"

"ಕೇಳ್ತಾನೆ, ಕೇಳ್ತಾನೆ," ಎಂದಳು ನನ್ನ ಹೆಂಡತಿ ಶಾಂತಲಾ, ಒಬ್ಬಟ್ಟಿನ ಮೇಲೆ ತುಪ್ಪ ಬಡಿಸುತ್ತಾ. "ಮೊದ್ಲು ಊಟ ಮುಗ್ಸಿ. ಪಾತ್ರೆ ತೊಳೆಯೋದು ಇವತ್ತು ನಿಮ್ಮ ಸರದಿ."

ಮನೆಯಲ್ಲಿ ನನ್ನ ಮಾತಿಗಿರುವ ಬೆಲೆ ಇಷ್ಟೇ. ಆದರೆ ಪದ್ಮನಾಭನಗರದ ನಮ್ಮ ಟ್ಯೂಷನ್ ಸೆಂಟರಿಗೆ ಬಂದು ನೋಡಿ. ಅಲ್ಲಿ ನಾನು ಭೀಮೇಶ್ ಸರ್! ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾಕೆ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ಎಳೆದು ನನ್ನ ಭುಜವೇ ಸವೆದಿದೆ. ಅಂಥವನ ಮನೆಯಲ್ಲೇ ಶಾಖ ಹೇಳದೆ ಕೇಳದೆ ಓಡಾಡಿಕೊಂಡಿದ್ದರೆ ಮರ್ಯಾದೆಯೆ?

ಶಪಥದ ಹಿಂದೆ ಇನ್ನೊಂದು ಕಾರಣವಿತ್ತು, ಅದು ತಮಾಷೆಯದಲ್ಲ. ನನ್ನ ಅಮ್ಮ ನಾರಾಯಣಮ್ಮ ಹುಳಿಮಾವಿನ ಕೆರೆಯಂಚಿನ ಹೊಲದಲ್ಲಿ ಬೆಳೆದವಳು. ಬಿಸಿಲು ಅವಳಿಗೆ ಹೊಸತಲ್ಲ. ಆದರೆ ಹೊಲದ ಬಿಸಿಲು ಬೇರೆ, ನೆತ್ತಿಯ ಮೇಲೆ ಕಾಂಕ್ರೀಟು ಕಾಯಿಸಿ ಕೆಳಗಿಳಿಸುವ ಬಿಸಿಲು ಬೇರೆ. ಅವಳ ಕೋಣೆ ಪಡುವಣಕ್ಕಿದೆ. ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ನಾನು ಬೇಗ ಮನೆಗೆ ಬಂದೆ. ಅಮ್ಮ ಹಾಸಿಗೆ ಬಿಟ್ಟು ಬರಿ ನೆಲದ ಮೇಲೆ, ಹೊಟ್ಟೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿದ್ದಳು. ಕುತ್ತಿಗೆಯ ಸುತ್ತ ಬೆವರುಸಾಲೆ ಕೆಂಪಗೆ ಎದ್ದಿತ್ತು.

"ಏನಮ್ಮ ಇದು?"

"ಏನಿಲ್ಲ ಕಣಪ್ಪ. ನೆಲ ತಣ್ಣಗಿದೆ."

ನನ್ನ ಅಮ್ಮನ ಡಿಕ್ಷನರಿಯಲ್ಲಿ 'ಏನಿಲ್ಲ' ಎಂಬ ಪದಕ್ಕೆ ಬಹಳ ಅರ್ಥಗಳಿವೆ. ಹಸಿವು, ನೋವು, ಜ್ವರ, ದುಃಖ ಎಲ್ಲವೂ ಅದರಲ್ಲೇ ಅಡಗಿರುತ್ತವೆ. ಅವತ್ತು ಸಂಜೆಯೇ ನಾನು ಎಸಿ ಅಂಗಡಿಗೆ ಹೋದೆ.

ಹಬ್ಬ ಕಳೆದ ಮೇಲೆ ಐದು ಸ್ಟಾರಿನ ಎಸಿ ಬಂತು, ಅಮ್ಮನ ಕೋಣೆಯ ಗೋಡೆಯ ಮೇಲೆ ಕುಳಿತಿತು. ಮೊದಲ ದಿನ ಅಮ್ಮ ಹೊದಿಕೆ ಎಳೆದುಕೊಂಡು ಸಂಜೆಯವರೆಗೆ ನಿದ್ದೆ ಮಾಡಿ ಎದ್ದಳು. "ಊಟಿಗೆ ಹೋಗಿ ಬಂದಂಗಾಯ್ತು ಕಣೋ ಮಗಾ," ಎಂದು ನನ್ನ ಕೆನ್ನೆ ಸವರಿದಳು. ಜನ್ಮ ಸಾರ್ಥಕವಾಯಿತು ಅನ್ನಿಸಿತು. ನಾನು ಅಲ್ಲಿಗೇ ನಿಲ್ಲಿಸಿದ್ದರೆ ಇದನ್ನೆಲ್ಲ ನಿಮಗೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಮಾರನೆಯ ದಿನ ಅಮ್ಮನ ಕೋಣೆಯ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ನನ್ನ ಕಾಲಿಗೆ ತಣ್ಣನೆಯ ಗಾಳಿ ತಾಗಿತು. ಬಗ್ಗಿ ನೋಡಿದರೆ ಬಾಗಿಲ ಕೆಳಗಿನ ಸಂದು! ನಾನು ದುಡ್ಡು ಕೊಟ್ಟು ತಣಿಸಿದ ಗಾಳಿ, ತೂತು ಬಿದ್ದ ಬಕೆಟ್ಟಿನ ನೀರಿನಂತೆ ಹಾಲಿಗೆ ಸೋರಿ ಹೋಗುತ್ತಿದೆ! ಭೌತಶಾಸ್ತ್ರದ ಮೇಷ್ಟ್ರ ರಕ್ತ ಕುದಿಯಿತು.

ಅಂದಿನಿಂದ ಶುರುವಾಯಿತು ನನ್ನ ಮುಚ್ಚುವ ಯಜ್ಞ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಬಡಿದೆ. ಚೌಕಟ್ಟಿನ ಸುತ್ತ ಫೋಮ್ ಟೇಪ್ ಅಂಟಿಸಿದೆ, ಒಂದು ಪದರ ಸಾಲದೆಂದು ಅದರ ಮೇಲೆ ಇನ್ನೊಂದು. ಕಿಟಕಿಯ ಮೇಲಿನ ವೆಂಟಿಲೇಟರಿಗೆ ಪ್ಲೈವುಡ್ ಹೊಡೆದೆ. ಕೋಣೆಗೆ ಸೇರಿದ ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಬಾಯಿಗೆ ಥರ್ಮಾಕೋಲ್ ತುರುಕಿದೆ. ಸರಿದು ತೆರೆಯುವ ಗಾಜಿನ ಕಿಟಕಿಗೆ ಸಿಲಿಕೋನ್ ಬಳಿದು, ಅದು ಇನ್ನು ಈ ಜನ್ಮದಲ್ಲಿ ಸರಿಯದಂತೆ ಮಾಡಿದೆ.

ಶಾಂತಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪ್ರಶ್ನೆ ಕೇಳುವುದು ಅವಳ ವೃತ್ತಿ.

"ರೀ, ಎಲ್ಲಾ ಮುಚ್ಬಿಟ್ರೆ ಹೊಸ ಗಾಳಿ ಎಲ್ಲಿಂದ ಬರುತ್ತೆ?"

"ಎಸಿಯಿಂದ!"

"ಎಸಿಗೆ ಎಲ್ಲಿಂದ ಬರುತ್ತೆ?"

"ಹೊರಗಡೆ ಇನ್ನೊಂದು ಡಬ್ಬ ಇಟ್ಟಿದಾರಲ್ಲ, ಅದ್ರಿಂದ!"

ಹೊರಗಿನ ಡಬ್ಬ ಒಳಗಿನ ಶಾಖವನ್ನು ಹೊರಗೆ ಎಸೆಯುತ್ತದೆಯೇ ಹೊರತು ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಸಿ ಮತ್ತೆ ಮತ್ತೆ ತಿರುಗಿಸಿ ತಣಿಸುತ್ತದೆ. ಈ ಸಂಗತಿ ಕ್ಲಾಸಿನಲ್ಲಿ ಯಾರಾದರೂ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಆದರೆ ಕೇಳಿದ್ದು ಹೆಂಡತಿ. ಹೆಂಡತಿ ಪ್ರಶ್ನೆ ಕೇಳಿದಾಗ ಗಂಡಸಿಗೆ ಬೇಕಾಗಿರುವುದು ಉತ್ತರ, ಸರಿಯುತ್ತರವಲ್ಲ.

ಕರೆಂಟು ಉಳಿಸಲು ಮನೆಯವರೆಲ್ಲ ಒಂದೇ ಕೋಣೆಯಲ್ಲಿರಬೇಕೆಂದು ಕಾನೂನು ಮಾಡಿದೆ. ಮಗಳು ಅರ್ಪಿತ ಪುಸ್ತಕ ಸಮೇತ ಅಜ್ಜಿಯ ಕೋಣೆಗೆ ಬಂದಳು. ಶಾಂತಲಾಳ ಇಸ್ತ್ರಿ ಮೇಜೂ ಬಂತು. ನಮ್ಮ ಹಾಸಿಗೆಯೂ ಬಂತು. ಯಾರಾದರೂ ಒಳಗೆ ಬರುವಾಗ ಬಾಗಿಲು ಒಂದು ಕ್ಷಣ ಹೆಚ್ಚು ತೆರೆದಿದ್ದರೆ ನಾನು "ಬಾಗಿಲೂ!" ಎಂದು ಕೂಗುತ್ತಿದ್ದೆ. ನನ್ನ ಕೂಗಿಗೆ ಪಕ್ಕದ ಮನೆಯವರೂ ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

ಎಸಿಯನ್ನು ಇಪ್ಪತ್ತಾರು ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನನ್ನು ಸಣ್ಣಗೆ ಹಾಕುತ್ತಿದ್ದೆ. ಆ ಒಂದು ವಿಷಯದಲ್ಲಿ ಮಾತ್ರ ನಾನು ತಪ್ಪು ಮಾಡಿರಲಿಲ್ಲ. ಅದನ್ನಾದರೂ ದಾಖಲಿಸಿಕೊಳ್ಳಿ.

ಕೆಲವು ದಿನಗಳಾದ ಮೇಲೆ ನಮ್ಮ ಮನೆಯಲ್ಲಿ ಆಕಳಿಕೆಯ ಕಾಲ ಶುರುವಾಯಿತು. ಅರ್ಪಿತ ಪುಸ್ತಕ ತೆರೆದ ಕೂಡಲೇ ಅದರ ಮೇಲೆ ಹಣೆಯಿಟ್ಟು ನಿದ್ದೆ ಹೋಗುತ್ತಿದ್ದಳು. "ಮೊಬೈಲ್ ನೋಡಿ ನೋಡಿ ಹಿಂಗಾಗಿದೆ," ಎಂದು ಬೈದೆ. ಶಾಂತಲಾ ಬೆಳಿಗ್ಗೆ ಎದ್ದರೆ ತಲೆ ಹಿಡಿದುಕೊಳ್ಳುತ್ತಿದ್ದಳು. "ಕಾಫಿ ಕಮ್ಮಿ ಮಾಡು," ಎಂದೆ. ಬೀರುವಿನ ಹಿಂದಿನ ಗೋಡೆಯಲ್ಲಿ ಕಪ್ಪು ಕಪ್ಪು ಚುಕ್ಕೆ ಎದ್ದವು. ಬಚ್ಚಲಿನ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಅದು ಕೋಣೆಯ ಗೋಡೆಯಲ್ಲಿ ಮನೆ ಮಾಡಿತ್ತು. "ಪೇಂಟ್ ಕಂಪನಿಯವ್ರು ಮೋಸ ಮಾಡಿದ್ರು," ಎಂದೆ. ಮೆಂತ್ಯದ ಹಿಟ್ಟಿನ ವಾಸನೆ, ಅಮ್ಮ ದೇವರ ಪಟಕ್ಕೆ ಹಚ್ಚುವ ಊದುಬತ್ತಿಯ ಹೊಗೆ, ಒದ್ದೆ ಟವೆಲ್ಲಿನ ಮುಗ್ಗಲು, ಎಲ್ಲವೂ ನಮ್ಮ ಜೊತೆಗೇ ಸಂಸಾರ ಹೂಡಿದವು. ಹೊರಗೆ ಹೋಗಲು ಅವಕ್ಕೂ ನನ್ನ ಪರ್ಮಿಷನ್ ಇರಲಿಲ್ಲ!

ಅಮ್ಮನಿಗೆ ಕೆಮ್ಮು ಹತ್ತಿತು. ಎದುರಿಗೆ ಹಳೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. "ಸಿಮೆಂಟ್ ಧೂಳು ಕಣಮ್ಮ," ಎಂದು ನಿರ್ಧರಿಸಿ, ಉಳಿದಿದ್ದ ಸಣ್ಣಪುಟ್ಟ ಸಂದುಗಳನ್ನೂ ಹುಡುಕಿ ಮುಚ್ಚಿದೆ. ಕೆಮ್ಮು ಹೆಚ್ಚಾಯಿತು. ಇನ್ನೊಂದು ಸುತ್ತು ಟೇಪ್ ಅಂಟಿಸಿದೆ.

ಇದೇ ಹೊತ್ತಿಗೆ ಅಮ್ಮನ ದೈವಭಕ್ತಿ ಇದ್ದಕ್ಕಿದ್ದಂತೆ ಉಕ್ಕಿತು. ಹಬ್ಬ ಹರಿದಿನಕ್ಕೆ ಮಾತ್ರ ದೇವಸ್ಥಾನಕ್ಕೆ ಹೋಗುತ್ತಿದ್ದವಳು ಬೆಳಿಗ್ಗೆ, ಸಂಜೆ ತಪ್ಪದೆ ಹೋಗತೊಡಗಿದಳು. ಹೋದರೆ ಬೇಗ ಬರುತ್ತಲೂ ಇರಲಿಲ್ಲ.

"ನೋಡು, ಮನೆ ತಣ್ಣಗಿದ್ರೆ ಮನಸ್ಸು ದೇವ್ರ ಕಡೆ ತಿರುಗುತ್ತೆ," ಎಂದು ಶಾಂತಲಾಳಿಗೆ ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು. "ಅತ್ತೆ ಮುಖ ಸರಿಯಾಗಿ ನೋಡಿದೀರಾ ನೀವು?"

"ಯಾಕೆ, ಏನಾಗಿದೆ?"

"ಬಾಡಿ ಹೋಗಿದಾರೆ. ನಾನು ಕೇಳಿದ್ರೆ ಏನಿಲ್ಲ ಅಂತಾರೆ."

"ಅವ್ಳೇ ಏನಿಲ್ಲ ಅಂದ್ಮೇಲೆ ಏನಿಲ್ಲ ಬಿಡು!" ಎಂದೆ ನಾನು. ಆ ಪದದ ಅರ್ಥಗಳನ್ನೆಲ್ಲ ಬಲ್ಲವನು ನಾನೇ.

ಒಂದು ಭಾನುವಾರ ಮಧ್ಯಾಹ್ನ ನಾವು ನಾಲ್ವರೂ ಕೋಣೆಯಲ್ಲಿದ್ದೆವು. ಊಟವಾಗಿತ್ತು. ಶಾಂತಲಾ ಇಸ್ತ್ರಿ ಮಾಡುತ್ತಿದ್ದಳು, ಅರ್ಪಿತ ಪುಸ್ತಕದ ಮೇಲೆ ತೂಗುತ್ತಿದ್ದಳು, ಅಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಕರೆಂಟು ಹೋಯಿತು. ಎಸಿ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

"ಯಾರೂ ಬಾಗಿಲು ತೆಗೀಬೇಡಿ!" ಎಂದು ಆಜ್ಞೆ ಮಾಡಿದೆ. "ಈ ತಂಪು ಸಂಜೆವರೆಗೂ ಹಂಗೇ ನಿಲ್ಲುತ್ತೆ. ಅದೇ ಇದರ ಗಮ್ಮತ್ತು!"

ತಂಪು ನಿಂತಿತು ನಿಜ. ಆದರೆ ಸ್ವಲ್ಪ ಹೊತ್ತಿಗೆ ಅಮ್ಮನ ಕೆಮ್ಮು ಶುರುವಾಯಿತು. ಈ ಸಲ ಅದು ನಿಲ್ಲಲಿಲ್ಲ. ಕೆಮ್ಮಿನ ನಡುವೆ ಉಸಿರೆಳೆದುಕೊಳ್ಳುವಾಗ ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬರತೊಡಗಿತು. ಅವಳು ಎರಡು ಕೈಗಳನ್ನೂ ಮಂಡಿಗೆ ಊರಿ ಮುಂದಕ್ಕೆ ಬಾಗಿದಳು.

"ಅಜ್ಜೀ!" ಎಂದು ಅರ್ಪಿತ ಎದ್ದು ಓಡಿದಳು.

"ಏ... ಏನಿಲ್ಲ..." ಎಂದಳು ಅಮ್ಮ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

"ಬಾಗಿಲು ತೆಗೀರಿ!" ಎಂದಳು ಶಾಂತಲಾ.

ನಾನು ಹಿಡಿ ತಿರುಗಿಸಿ ಎಳೆದೆ. ಬಾಗಿಲು ಬರಲಿಲ್ಲ. ತೇವಕ್ಕೆ ಮರ ಊದಿಕೊಂಡಿತ್ತು. ಸುತ್ತಲೂ ನನ್ನದೇ ಪದರ ಪದರ ಫೋಮ್. ಕಾಲನ್ನು ಗೋಡೆಗೆ ಕೊಟ್ಟು ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಹಿಡಿ ಕಿತ್ತು ಕೈಗೆ ಬಂತು. ನಾನು ಹಾಸಿಗೆಯ ಮೇಲೆ ಅಂಗಾತ ಬಿದ್ದೆ.

"ಕಿಟಕಿ, ಅಪ್ಪ, ಕಿಟಕಿ!"

ಕಿಟಕಿಗೆ ಹಾರಿದೆ. ಉಗುರಿನಿಂದ ಕೆರೆದೆ, ಬಾಚಣಿಗೆಯಿಂದ ಮೀಟಿದೆ. ಬಾಚಣಿಗೆ ಮುರಿಯಿತು, ಸಿಲಿಕೋನ್ ಮಿಸುಕಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ನಾನು ಬದುಕಿನಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಹಿಂದೆ ಅಮ್ಮನ ಎದೆಯ ಸಿಳ್ಳೆ ಕೇಳುತ್ತಲೇ ಇತ್ತು. ಇವಳು ಸುಖವಾಗಿರಲಿ ಎಂದು ಹೊರಟವನು ಇವಳನ್ನು ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದೆನಲ್ಲ ಎಂದು ಆಗ, ಆ ಗಾಜಿನ ಮುಂದೆ, ನನಗೆ ತಿಳಿಯಿತು.

"ಪಕ್ಕಕ್ಕೆ ಬನ್ನಿ," ಎಂದಳು ಶಾಂತಲಾ.

ಅವಳ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ನಾನು ಬಗ್ಗಿದೆ. ಗಾಜು ಫಳ್ಳೆಂದು ಒಡೆದು ಹೊರಗೆ ಉದುರಿತು. ಇನ್ನೊಂದೇಟಿಗೆ ಉಳಿದದ್ದೂ ಹೋಯಿತು. ಬಿಸಿ ಗಾಳಿ, ಸಿಮೆಂಟ್ ಧೂಳಿನ ಗಾಳಿ, ನಾನು ಶತ್ರುವೆಂದು ಘೋಷಿಸಿದ್ದ ಗಾಳಿ ಕೋಣೆಯೊಳಗೆ ನುಗ್ಗಿತು. ನಾವು ಅಮ್ಮನನ್ನು ಎತ್ತಿ ತಂದು ಕಿಟಕಿಯ ಕಂಬಿಗೆ ಮುಖವಿಟ್ಟು ನಿಲ್ಲಿಸಿದೆವು. ಅವಳು ಕಣ್ಣು ಮುಚ್ಚಿ ಒಂದೊಂದೇ ಉಸಿರು ಎಳೆದುಕೊಂಡಳು. ನಾನು ಅವಳ ಬೆನ್ನು ನೀವುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಸಿಳ್ಳೆ ಸಣ್ಣಗಾಯಿತು.

"ಅಕ್ಕಾ! ಏನೇ ಇದು ಅವತಾರ?"

ಕಿಟಕಿಯಾಚೆ ನಿಂತಿದ್ದವಳು ಅಮ್ಮನ ತಂಗಿ ಬೈರಮ್ಮ ಚಿಕ್ಕಮ್ಮ. ಹುಳಿಮಾವಿನಿಂದ ಹಲಸಿನ ತೊಳೆ ತಂದಿದ್ದಳು. ಕರೆಂಟಿಲ್ಲದೆ ಕಾಲಿಂಗ್ ಬೆಲ್ ಆಗದ್ದರಿಂದ ಮನೆ ಸುತ್ತಿಕೊಂಡು ಬಂದಿದ್ದಳು. ಕಾಲಬುಡದಲ್ಲಿ ಗಾಜಿನ ಚೂರು, ಕಂಬಿಯ ಹಿಂದೆ ಸಾಲಾಗಿ ನಮ್ಮ ನಾಲ್ಕು ಮುಖ.

ಅರ್ಪಿತ ತನ್ನ ಬ್ಯಾಗಿನಿಂದ ಮುಂಬಾಗಿಲ ಕೀ ತೆಗೆದು ಕಂಬಿಯ ನಡುವೆ ಕೊಟ್ಟಳು. ಚಿಕ್ಕಮ್ಮ ಇವತ್ತಿಗೂ ಹಸು ಸಾಕಿಕೊಂಡಿರುವವಳು. ಒಳಗೆ ಬಂದು "ದೂರ ನಿಂತ್ಕಳಿ!" ಎಂದು ಕೂಗಿ ಭುಜ ಕೊಟ್ಟು ಒಂದೇ ಒಂದು ಸಲ ನೂಕಿದಳು. ನನ್ನ ಯಜ್ಞವೆಲ್ಲ ಟೇಪ್, ರಬ್ಬರ್ ಸಮೇತ ಕಿತ್ತು ಬಾಗಿಲು ಗೋಡೆಗೆ ಬಡಿಯಿತು. ಏದುಸಿರು ಬಿಡುತ್ತಿದ್ದ ಅಕ್ಕನನ್ನು ನೋಡಿ ಅವಳು ಎದೆ ಬಡಿದುಕೊಂಡಳು.

"ಅಯ್ಯೋ, ನಮ್ಮಕ್ಕಂಗೆ ಗಾಳಿ ಸೋಕ್ಬಿಟ್ಟದಲ್ಲಪ್ಪಾ! ಯಾರ್ನಾದ್ರೂ ಕರ್ಸಿ ತಾಯ್ತ ಕಟ್ಸೋ ಭೀಮೇಶ!"

"ಚಿಕ್ಕತ್ತೆ," ಎಂದಳು ಶಾಂತಲಾ, ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಗಾಳಿ ಸೋಕಿಲ್ಲ. ಅದೇ ತೊಂದ್ರೆ ಆಗಿರೋದು."

ಆಟೋ ಹಿಡಿದು ತಿಲಕ್ ನಗರದ ಡಾಕ್ಟರ್ ಇಂದ್ರಾಣಿಯವರ ಬಳಿಗೆ ಹೋದೆವು. ಅವರು ಅಮ್ಮನ ಮುಖಕ್ಕೆ ಔಷಧಿಯ ಆವಿ ಕೊಡುವ ಮುಖವಾಡ ಹಾಕಿ ಕೂರಿಸಿದರು. ಉಸಿರು ಹದಕ್ಕೆ ಬಂದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡಿಸಿದರು.

"ಅಮ್ಮ, ಈ ಕೆಮ್ಮು ಯಾವಾಗ ಜಾಸ್ತಿ ಆಗುತ್ತೆ?"

"ಮನೇಲಿದ್ದಾಗ."

"ಯಾವಾಗ ಕಮ್ಮಿ ಆಗುತ್ತೆ?"

ಅಮ್ಮ ನನ್ನ ಕಡೆ ನೋಡಿದಳು, ನೆಲ ನೋಡಿದಳು. "ದೇವಸ್ಥಾನದ ಕಟ್ಟೆ ಮೇಲೆ ಕೂತಾಗ. ಅಲ್ಲಿ ಅರಳಿಮರ ಅದೆ. ಗಾಳಿ ಬರ್ತದೆ."

"ಒಳಗೆ ಹೋಗಿ ಪೂಜೆ ಮಾಡ್ಸಲ್ವಾ?"

"ಇಲ್ಲಮ್ಮ. ಕಟ್ಟೇಲೇ ಕೂತ್ಕೊಂಡು ಬರ್ತೀನಿ."

ನನ್ನ ಮನೆಯ ತಂಪು ಅವಳನ್ನು ದೇವರ ಕಡೆ ತಿರುಗಿಸಿತ್ತಲ್ಲ, ಅದರ ಮರ್ಮ ಇದು.

"ಮನೇಲಿ ಉಸಿರು ಕಟ್ಟುತ್ತೆ ಅಂತ ಮಗನಿಗೆ ಯಾಕೆ ಹೇಳ್ಲಿಲ್ಲ?"

ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೋಸ್ಕರ ಅಂತ ಆಸೆಪಟ್ಟು ಹಾಕ್ಸಿದ್ದ. ಬಾಗಿಲು ಕಿಟ್ಕಿಗೆಲ್ಲಾ ತಾನೇ ಕೂತು ಅಂಟಿಸ್ದ, ಊಟಕ್ಕೂ ಏಳ್ದಂಗೆ. ಅದ್ರಲ್ಲಿ ಉಸಿರಾಡಕ್ಕಾಗಲ್ಲ ಅಂತ ಹೆಂಗಮ್ಮ ಹೇಳದು?"

ಆ ಕೋಣೆಯಲ್ಲಿ ಬೇಕಾದಷ್ಟು ಗಾಳಿಯಿತ್ತು. ಆದರೂ ನನಗೆ ಉಸಿರು ಸಿಕ್ಕಿಕೊಂಡಿತು.

ಡಾಕ್ಟರು ನನ್ನ ಕಡೆ ತಿರುಗಿದರು. ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಅಮ್ಮನಿಗೆ ಉಬ್ಬಸದ ಗುಣವಿದೆ, ಗೋಡೆಯ ಬೂಸ್ಟು, ಊದುಬತ್ತಿಯ ಹೊಗೆ, ಬದಲಾಗದ ಗಾಳಿ ಎಲ್ಲ ಸೇರಿ ಅದನ್ನು ಕೆರಳಿಸಿವೆ ಎಂದರು. ಬೂಸ್ಟು ತೆಗೆಸಿ, ಬಚ್ಚಲಿನ ಫ್ಯಾನಿನ ಬಾಯಿ ಬಿಚ್ಚಿ, ಎಸಿಯ ಫಿಲ್ಟರ್ ಆಗಾಗ ತೊಳೆಯಿರಿ, ಎದುರಿನ ಕೆಲಸದ ಧೂಳಿಲ್ಲದ ಹೊತ್ತು ನೋಡಿ ಬೆಳಿಗ್ಗೆ ಸಂಜೆ ಕಿಟಕಿ ತೆರೆದಿಡಿ ಎಂದರು.

"ನೀವೇನು ಕೆಲಸ ಮಾಡೋದು?" ಎಂದು ಕೊನೆಯಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಶಾಂತಲಾ "ಟ್ಯೂಷನ್ ಹೇಳ್ತಾರೆ," ಎಂದಳು. ಯಾವ ಸಬ್ಜೆಕ್ಟ್ ಎಂದು ಹೇಳಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾನ ಉಳಿಸಿದ ಸಂದರ್ಭಗಳಲ್ಲಿ ಅದು ದೊಡ್ಡದು.

ಮನೆಗೆ ಬಂದು ಎಲ್ಲವನ್ನೂ ಕಿತ್ತೆ. ಪ್ಲೈವುಡ್, ಥರ್ಮಾಕೋಲ್, ಉಳಿದ ಟೇಪು. ಬ್ಲೇಡು ಹಿಡಿದು ಸಿಲಿಕೋನನ್ನು ಎಳೆ ಎಳೆಯಾಗಿ ಹೆರೆದು, ಕಿಟಕಿಗೆ ಸರಿಯುವ ಹೊಸ ಗಾಜು ಹಾಕಿಸಿದೆ. ಬೀರುವನ್ನು ಸರಿಸಿ ಗೋಡೆ ಉಜ್ಜಿದೆ. ಅರ್ಪಿತ ಎರಡೇ ದಿನದಲ್ಲಿ ನಿದ್ದೆಯಿಂದ ಎಚ್ಚೆತ್ತು, ಮೊಬೈಲಿನ ಬಗ್ಗೆ ನಾನು ಬೈದದ್ದಕ್ಕೆಲ್ಲ ಕ್ಷಮೆ ಕೇಳಬೇಕೆಂದು ಪಟ್ಟು ಹಿಡಿದಳು. ಕೇಳಿದೆ.

ಆದರೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಬಿಳಿ ಯಂತ್ರ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಂತಿತ್ತು. ನೋಡಿದಾಗೆಲ್ಲ ಅಮ್ಮನ ಎದೆಯ ಆ ಸಿಳ್ಳೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಮತ್ತೊಂದು ಮಹಾ ಸಂಕಲ್ಪ ಮಾಡಿದೆ. ಈ ಪಾಪದ ಯಂತ್ರ ಇನ್ನು ನನ್ನ ಮನೆಯಲ್ಲಿರಕೂಡದು! ಹಳೆಯ ಎಸಿ ಕೊಂಡು ಮಾರುವ ಬನಶಂಕರಿಯ ಸಂಗಮೇಶನಿಗೆ ಫೋನ್ ಮಾಡಿದೆ. ಅವನು ಏಣಿ, ಪಾನಾ ಎಲ್ಲ ಹಿಡಿದುಕೊಂಡು ಬಂದ.

ಅವನು ಏಣಿ ಹತ್ತಿ ಮೊದಲ ಬೋಲ್ಟಿಗೆ ಪಾನಾ ಹಾಕಿದ್ದ. ಅಷ್ಟರಲ್ಲಿ ಅಮ್ಮ ದೇವಸ್ಥಾನದಿಂದ ಬಂದಳು.

"ಏನ್ ನಡೀತಾ ಅದೆ ಇಲ್ಲಿ?"

"ಇದನ್ನ ಮಾರ್ಬಿಡ್ತಿದೀನಿ ಕಣಮ್ಮ," ಎಂದೆ. "ನಿನ್ನ ಉಸಿರಿಗಿಂತ ಇದು ದೊಡ್ಡದಲ್ಲ."

ಅಮ್ಮ ಕೈಲಿದ್ದ ಪ್ರಸಾದವನ್ನು ಶಾಂತಲಾಳಿಗೆ ಕೊಟ್ಟಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನೆದುರು ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೆ.

"ಇದನ್ನ ತರೋವಾಗ ನನ್ನ ಕೇಳಿದ್ಯಾ?"

"ಇಲ್ಲ."

"ಕಿಟ್ಕಿ ಬಾಗ್ಲು ಮುಚ್ಚೋವಾಗ?"

"ಇಲ್ಲ."

"ಈಗ ಮಾರೋವಾಗಾದ್ರೂ ಕೇಳಿದ್ಯಾ? ಬಿಸಿಲಲ್ಲಿ ನಡ್ಕೊಂಡು ಬಂದಿದೀನಿ. ಊಟ ಮಾಡಿ ಎಸಿ ಹಾಕ್ಕೊಂಡು ಒಂದು ನಿದ್ದೆ ಮಾಡಾಣ ಅಂತ ದಾರೀಲೆಲ್ಲಾ ನೆನ್ಸ್ಕೊಂಡು ಬಂದ್ರೆ, ಕಿತ್ತು ಹಾಕ್ತಾ ಕೂತಿದೀಯ!"

"ಅಲ್ಲಮ್ಮ, ನಿಂಗೆ ಒಳ್ಳೇದಾಗ್ಲಿ ಅಂತ..."

"ಸುಮ್ನಿರು! ಮಿಷನ್ ಏನೋ ಮಾಡ್ತು? ಅದು ಹೇಳ್ದಷ್ಟು ಕೇಳ್ಕೊಂಡು ತಣ್ಣಗೆ ಕೂತಿತ್ತು." ಅವಳು ಏಣಿಯ ಕಡೆ ತಲೆಯೆತ್ತಿದಳು. "ಇಳಿಯಪ್ಪ ನೀನು. ಅದು ಇಲ್ಲೇ ಇರ್ಲಿ. ನೀನು ಸುಮ್ನೆ ಬಂದಂಗಾಗ್ಬಾರ್ದು, ಬೇಕಾದ್ರೆ ಇವನನ್ನ ತಗೊಂಡೋಗು."

ಶಾಂತಲಾ ತಡೆಯಲಿಲ್ಲ. ಅರ್ಪಿತ ಕೂಡ ತಡೆಯಲಿಲ್ಲ. ಸಂಗಮೇಶ ಏಣಿಯಿಂದ ಇಳಿದು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ವ್ಯಾಪಾರದ ಕಣ್ಣಿನಿಂದಲೇ ನೋಡಿದ. ಪಾನಾವನ್ನು ಚೀಲಕ್ಕೆ ಹಾಕಿಕೊಂಡ.

"ಬೇಡ ಬಿಡಿ ಅಮ್ಮ," ಎಂದ. "ಈ ಮಾಡೆಲ್‌ನಲ್ಲಿ ಸೌಂಡ್ ಜಾಸ್ತಿ, ಕೂಲಿಂಗ್ ಕಮ್ಮಿ. ಯಾರೂ ತಗೊಳಲ್ಲ."